ಊರಲ್ಲಿರುವ ಅಪ್ಪ-ಅಮ್ಮನಿಗೆ ಜೊತೆಯಾಗಿ ಒಂದು ನಾಯಿ: ತರುವ ಮುಂಚೆ, ತಂದ ಮೇಲೆ

ಮಕ್ಕಳು ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇದ್ದಾರೆ. ಅಪ್ಪ-ಅಮ್ಮ ದಾವಣಗೆರೆಯಲ್ಲೋ ಹಾಸನದಲ್ಲೋ ಇದ್ದಾರೆ. ಮನೆ ದೊಡ್ಡದು, ಇರುವವರು ಇಬ್ಬರೇ. ಕೆಲವು ಮನೆಗಳಲ್ಲಿ ಒಬ್ಬರೇ. ಬೆಳಗಿನ ಹೊತ್ತು ಪೂಜೆ, ಪೇಪರು, ತಿಂಡಿ, ಅಡುಗೆ ಅಂತ ಹೇಗೋ ಸರಿದು ಹೋಗುತ್ತದೆ. ಮಧ್ಯಾಹ್ನ ಮಲಗಿ ಎದ್ದ ಮೇಲೆ ದೀಪ ಹಚ್ಚುವವರೆಗಿನ ಹೊತ್ತು ಮಾತ್ರ ಮುಂದೆ ಹೋಗುವುದೇ ಇಲ್ಲ. ಫೋನಿನಲ್ಲಿ ದಿನಾ ಅದೇ ಮಾತು: ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಮಳೆ ಬಂತಾ. ಇಂಥ ಒಂದು ಫೋನ್ ಇಟ್ಟ ಮೇಲೆಯೇ ಬಹಳ ಮಕ್ಕಳಿಗೆ "ಒಂದು ನಾಯಿ ತಂದುಕೊಟ್ಟರೆ ಹೇಗೆ?" ಅನ್ನಿಸುವುದು.

ಒಳ್ಳೆಯ ಯೋಚನೆಯೇ. ಆದರೆ ಅವಸರದಲ್ಲಿ ಮಾಡಿದರೆ ಅಪ್ಪ-ಅಮ್ಮನಿಗೂ ಕಷ್ಟ, ಆ ಮೂಕಪ್ರಾಣಿಗೂ ಕಷ್ಟ. ನಾಯಿ ಅವರದ್ದಾಗಬೇಕು, ಅದರ ಹೊರೆ ನಿಮ್ಮದಾಗಬೇಕು. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಮಾತಿನಿಂದಲೇ ಹೊರಟಿವೆ.

ನಾಯಿಯಿಂದ ಆರೋಗ್ಯಕ್ಕೆ ಏನು ಸಿಗುತ್ತದೆ?

ಇದನ್ನು ಮೊದಲು ತಿಳಿದುಕೊಳ್ಳಿ. ನಾಯಿ ಔಷಧಿ ಎಂದು ನಂಬಿಕೊಂಡು ತಂದರೆ ಮುಂದೆ ನಿರಾಸೆಯಾಗುತ್ತದೆ.

1980ರಲ್ಲಿ ಅಮೆರಿಕದ ಎರಿಕಾ ಫ್ರೀಡ್ಮನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ 92 ಜನರನ್ನು ಒಂದು ವರ್ಷ ಗಮನಿಸಿದ್ದರು. ಮನೆಯಲ್ಲಿ ಸಾಕುಪ್ರಾಣಿ ಇದ್ದ 53 ಜನರಲ್ಲಿ ವರ್ಷದೊಳಗೆ ತೀರಿಕೊಂಡವರು 3. ಸಾಕುಪ್ರಾಣಿ ಇಲ್ಲದ 39 ಜನರಲ್ಲಿ 11. ಸಣ್ಣ ಅಧ್ಯಯನ, ಆದರೆ ಜಗತ್ತಿನ ವೈದ್ಯರು ಈ ಕಡೆ ತಿರುಗಿ ನೋಡುವಂತೆ ಮಾಡಿತು. 2017ರಲ್ಲಿ ಸ್ವೀಡನ್ನಿನಿಂದ ಬಹಳ ದೊಡ್ಡ ಅಧ್ಯಯನ ಬಂತು. 40ರಿಂದ 80 ವಯಸ್ಸಿನ ಸುಮಾರು 34 ಲಕ್ಷ ಜನರ ದಾಖಲೆ ನೋಡಿದ್ದರು. ಒಂಟಿಯಾಗಿರುವವರ ಪೈಕಿ, ನಾಯಿ ಸಾಕಿದವರಲ್ಲಿ ಸಾವಿನ ಅಪಾಯ ಸಾಕದವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು. ಒಂಟಿಯಾಗಿರುವವರಿಗೇ ಜಾಸ್ತಿ ಲಾಭ ಕಂಡದ್ದು ಎನ್ನುವುದನ್ನು ಗಮನಿಸಿ.

ಹಾಗಂತ ಇದೆಲ್ಲ ನಾಯಿಯಿಂದಲೇ ಆಯಿತು ಎನ್ನಲು ಬರುವುದಿಲ್ಲ. ಮೊದಲೇ ಗಟ್ಟಿಮುಟ್ಟಾಗಿದ್ದು ಓಡಾಡುವವರೇ ನಾಯಿ ಸಾಕುವುದು ಜಾಸ್ತಿ ಇರಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಹೇಳಿದ್ದೂ ಇಷ್ಟೇ: ನಾಯಿ ಸಾಕುವುದರಿಂದ ಹೃದಯಕ್ಕೆ ಒಳ್ಳೆಯದಾಗಬಹುದು, ಆದರೆ ಹೃದಯ ಕಾಪಾಡಿಕೊಳ್ಳಲಿಕ್ಕೆ ಅಂತಲೇ ಪ್ರಾಣಿ ತರಬೇಡಿ.

ನಾನು ಕಂಡ ಮನೆಗಳಲ್ಲಿ ಲಾಭ ಬಂದದ್ದು ಸಣ್ಣ ಸಣ್ಣ ದಾರಿಗಳಿಂದ. ಬೆಳಿಗ್ಗೆ ಏಳಲು ಒಂದು ಕಾರಣ. ದಿನಕ್ಕೆ ಎರಡು ಸಲ ಹೊಸಿಲು ದಾಟುವುದು. ರಸ್ತೆಯಲ್ಲಿ "ಏನ್ ಸರ್, ನಿಮ್ಮ ರಾಜು ಇವತ್ತು ಸಪ್ಪಗಿದಾನೆ?" ಎಂದು ಕೇಳುವ ಒಬ್ಬರು. ಮನೆಯೊಳಗೆ ಮಾತಾಡಿಸಲು ಒಂದು ಜೀವ. 2015ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದಂತೆ, ಸಾಕಿದವರೂ ನಾಯಿಯೂ ಒಬ್ಬರ ಕಣ್ಣು ಒಬ್ಬರು ನೋಡುತ್ತಾ ಕೂತರೆ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ-ಮಗುವಿನ ನಡುವಿನ ಬಂಧದಲ್ಲಿ ಕೆಲಸ ಮಾಡುವ ಹಾರ್ಮೋನು ಅದೇ. ಸಂಜೆ ಜಗುಲಿಯಲ್ಲಿ ಕೂತ ಅಜ್ಜಿ ನಾಯಿಯ ತಲೆ ನೇವರಿಸುವುದನ್ನು ನೋಡಿದವರಿಗೆ ಇದನ್ನು ವಿಜ್ಞಾನಿಗಳು ಹೇಳಬೇಕಾಗಿಯೇ ಇಲ್ಲ ಬಿಡಿ.

ಹೆಜ್ಜೆ 1: ಅವರನ್ನೇ ಕೇಳಿ

ಹುಟ್ಟುಹಬ್ಬಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ಬುಟ್ಟಿಯಲ್ಲಿ ಮರಿ ಇಟ್ಟುಕೊಂಡು ಹೋಗಬೇಡಿ. ದಯವಿಟ್ಟು ಬೇಡ. ಮಕ್ಕಳು ಖುಷಿಯಿಂದ ತಂದದ್ದನ್ನು ಬೇಡ ಎನ್ನಲು ಅಪ್ಪ-ಅಮ್ಮನಿಗೆ ಬಾಯಿ ಬರುವುದಿಲ್ಲ. ಮುಂದಿನ ಹತ್ತು-ಹನ್ನೆರಡು ವರ್ಷ ಸುಮ್ನೆ ಹೊತ್ತುಕೊಳ್ಳುತ್ತಾರೆ.

ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಅಪ್ಪ "ತಗೊಂಡು ಬಾ" ಎನ್ನಬಹುದು. ಅನ್ನ ಹಾಕಿ, ಗಲೀಜು ಒರೆಸಿ, ಕೂದಲು ಗುಡಿಸುವವರು ಅಮ್ಮನೇ ಆಗಿದ್ದರೆ ಅವರ ಮಾತಿಗೆ ತೂಕ ಜಾಸ್ತಿ ಇರಬೇಕು. ಚಿಕ್ಕವರಿದ್ದಾಗ ಮನೆಯಲ್ಲಿ ನಾಯಿ ಇತ್ತಾ? ಕಂಡರೆ ಹೆದರಿಕೆಯಾ? ಒಳಗೆ ಬಿಡಬಹುದಾ, ಜಗುಲಿಯವರೆಗೆ ಮಾತ್ರವಾ? ಮಡಿ ಇರುವ ಮನೆಗಳಲ್ಲಿ ಅಡುಗೆಮನೆ ಮತ್ತು ದೇವರಮನೆಯ ಹೊಸಿಲು ನಾಯಿ ದಾಟಬಾರದು ಎಂದರೆ ಅದು ಅಡ್ಡಿಯೇನಲ್ಲ. ಎಲ್ಲಿಗೆ ಹೋಗಬಾರದು ಎಂದು ನಾಯಿ ಬೇಗ ಕಲಿಯುತ್ತದೆ. ಆದರೆ ಮೊದಲ ದಿನದಿಂದಲೇ ಒಂದೇ ನಿಯಮ ಇರಬೇಕು. ಮೊಮ್ಮಕ್ಕಳು ರಜೆಗೆ ಬಂದಾಗಲೂ ಅದೇ ನಿಯಮ.

ಇಬ್ಬರಲ್ಲಿ ಒಬ್ಬರಿಗಾದರೂ ಮನಸ್ಸಿಲ್ಲ ಎಂದರೆ ಇಲ್ಲಿಗೇ ನಿಲ್ಲಿಸಿ. ಬೇರೆ ದಾರಿಗಳಿವೆ, ಕೊನೆಯಲ್ಲಿ ಬರೆದಿದ್ದೇನೆ.

ಹೆಜ್ಜೆ 2: ಅವರ ವೈದ್ಯರ ಹತ್ತಿರ ಒಂದು ಮಾತು

ಮುಂದಿನ ಸಲ ತಪಾಸಣೆಗೆ ಹೋದಾಗ ಕೇಳಿದರೆ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಾಯಿಯ ಉಗುರು ಸ್ವಲ್ಪ ತಾಗಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಸಣ್ಣ ಗೀರೂ ಮಾಯಲು ತಡವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ, ಕಿಡ್ನಿ ಕಸಿ ಆಗಿದ್ದರೆ ಸೋಂಕು ಬೇಗ ತಗಲುತ್ತದೆ. ಆಸ್ತಮಾ ಇದ್ದರೆ ಕೂದಲು, ಹೊಟ್ಟಿನಿಂದ ಜಾಸ್ತಿಯಾಗಬಹುದು. ಇವು ಇದ್ದ ಮಾತ್ರಕ್ಕೆ ನಾಯಿ ಬೇಡವೇ ಬೇಡ ಎಂದಲ್ಲ. ಯಾವ ಎಚ್ಚರ ಬೇಕು ಎಂದು ವೈದ್ಯರು ಹೇಳುತ್ತಾರೆ. ನಡೆಯುವಾಗ ತೂಗಾಡುವವರು, ಮರೆವಿನ ಕಾಯಿಲೆ ಶುರುವಾದವರು ಇದ್ದರೆ ಜೊತೆಗೆ ಇನ್ನೊಬ್ಬರು ಮನೆಯಲ್ಲಿರುವುದು ಕಡ್ಡಾಯ.

ಹೆಜ್ಜೆ 3: ಹೊರೆ ಯಾರದ್ದು ಎಂದು ಬರೆದಿಡಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ 10ನೇ ಶತಮಾನದ ಕಲ್ಲೊಂದಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಅದರ ಪೂಜೆ ನಡೆಯಲು ಭೂಮಿ ಬಿಟ್ಟರು. ಪೂಜೆ ಮಾಡಬೇಕಾದವರು ಯಾರು, ಮಾಡದೆ ಉಂಡರೆ ಯಾವ ಪಾಪ ಎಂದೂ ಕೆತ್ತಿಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಸತ್ತ ನಾಯಿಯ ನೆನಪಿಗೇ ಅಷ್ಟು ಏರ್ಪಾಟು ಮಾಡಿದ ಜನ ನಮ್ಮವರು. ಬದುಕಿರುವ ನಾಯಿಗೆ ಒಂದು ಹಾಳೆ ಬರೆದಿಡುವುದು ದೊಡ್ಡದಲ್ಲ, ಅಲ್ವಾ?

ಹಾಳೆಯಲ್ಲಿ ಇಷ್ಟಿರಲಿ. ತಿಂಗಳ ಖರ್ಚು ಯಾರು ಕೊಡುತ್ತಾರೆ: ಆಹಾರ, ಲಸಿಕೆ, ಉಣುಗಿನ ಔಷಧಿ, ಜೊತೆಗೆ ಅನಿರೀಕ್ಷಿತ ಚಿಕಿತ್ಸೆಗೆ ಅಂತ ಬೇರೆ ಎತ್ತಿಟ್ಟ ಹಣ. ತಿಂಗಳಿಗೊಮ್ಮೆ ತಾನಾಗಿ ಅವರ ಖಾತೆಗೆ ಹೋಗುವಂತೆ ಮಾಡಿ, ಅವರು ಕೇಳುವ ಹಾಗೆ ಇಡಬೇಡಿ. ಪಶು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ? ಅಪ್ಪನಿಗೆ ಕ್ಯಾಟರಾಕ್ಟ್ ಆಪರೇಷನ್ ಆದರೆ ಆ ವಾರ ನಾಯಿ ಎಲ್ಲಿರುತ್ತದೆ? ಅವರು ಮೂರು ತಿಂಗಳು ನಿಮ್ಮ ಹತ್ತಿರ ಬಂದರೆ? ಅವರು ಹೋದ ಮೇಲೆ ನಾಯಿ ಯಾರ ಮನೆಗೆ? ಕೊನೆಯ ಪ್ರಶ್ನೆ ಕೇಳಲು ಕಷ್ಟ. ಆದರೆ ವಯಸ್ಸಾದವರೇ ರಾತ್ರಿ ಇದನ್ನು ಯೋಚಿಸುತ್ತಾ ಮಲಗುತ್ತಾರೆ. "ನಾನು ಕರೆದುಕೊಂಡು ಹೋಗ್ತೀನಮ್ಮ" ಎಂದು ನೀವು ಒಂದು ಸಲ ಬಾಯಿಬಿಟ್ಟು ಹೇಳಿದರೆ ಅವರ ಮನಸ್ಸು ಹಗುರಾಗುತ್ತದೆ. ಹಾಗೆ ಹೇಳಲು ನಿಮ್ಮಿಂದ ಆಗದಿದ್ದರೆ ನಾಯಿ ತರಬೇಡಿ.

ಹೆಜ್ಜೆ 4: ಯಾವ ನಾಯಿ?

ಮರಿ ಬೇಡ. ಮರಿ ಮುದ್ದಾಗಿರುತ್ತದೆ, ನಿಜ. ಆದರೆ ರಾತ್ರಿ ಎರಡು ಸಲ ಎಬ್ಬಿಸುತ್ತದೆ, ಚಪ್ಪಲಿ ಕಚ್ಚುತ್ತದೆ, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. 70 ದಾಟಿದವರಿಗೆ ಇದು ಆಗದ ಕೆಲಸ. ಮೂರರಿಂದ ಆರು ವರ್ಷದ, ಸ್ವಭಾವ ಏನೆಂದು ಗೊತ್ತಾಗಿರುವ ನಾಯಿ ಒಳ್ಳೆಯದು. ಇನ್ನೂ ವಯಸ್ಸಾದ, ಏಳೆಂಟು ವರ್ಷದ ನಾಯಿಗಳೂ ಆಶ್ರಯ ಕೇಂದ್ರಗಳಲ್ಲಿ ಕಾಯುತ್ತಿರುತ್ತವೆ. ಯಾರೂ ಕೇಳುವುದಿಲ್ಲ. ನಿಧಾನಕ್ಕೆ ನಡೆಯುವ ಅಜ್ಜನಿಗೆ ಅವು ಬಹಳ ಒಳ್ಳೆಯ ಜೊತೆ.

ತಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ನಾಟಿ ನಾಯಿ. ಈ ಬಿಸಿಲಿಗೆ, ಈ ಮಳೆಗೆ ಹೊಂದಿಕೊಂಡ ಮೈ. ಕೂದಲು ಚಿಕ್ಕದು, ಚುರುಕು ಬುದ್ಧಿ, ತಳಿ ನಾಯಿಗಳಿಗೆ ಬರುವ ಅನೇಕ ವಂಶದ ಕಾಯಿಲೆಗಳು ಇದಕ್ಕೆ ಕಡಿಮೆ. ಹಸ್ಕಿಗೆ ನಮ್ಮ ಬೇಸಿಗೆ ಹಿಂಸೆ. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ. ಲ್ಯಾಬ್ರಡಾರ್ ಸಾಧುವೇ, ಆದರೆ 30 ಕಿಲೋ ತೂಕ ಒಮ್ಮೆ ಜಗ್ಗಿದರೆ ವಯಸ್ಸಾದವರು ನೆಲಕ್ಕೆ. ನಮ್ಮ ಮುಧೋಳ ನಾಯಿಯ ಬಗ್ಗೆ ಹೆಮ್ಮೆ ಇರಲಿ, ಆದರೆ ಅದು ಓಡಲು ಹುಟ್ಟಿದ ಬೇಟೆನಾಯಿ. ಸಣ್ಣ ಮನೆಯ, ನಿಧಾನ ನಡಿಗೆಯ ಜೊತೆಗೆ ಅದನ್ನು ಕಟ್ಟಿಹಾಕಬೇಡಿ.

ಎಲ್ಲಿ ಹುಡುಕುವುದು? ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ, ಪ್ರಾಣಿಗಳಿಗೆ ಆಶ್ರಯ ಕೊಡುವ ಕ್ಯೂಪಾ (CUPA) ಸಂಸ್ಥೆ ಇದೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇವೆ. ಬೇರೆ ಊರುಗಳಲ್ಲಿ ಬೀದಿನಾಯಿಗಳಿಗೆ ದಿನಾ ಊಟ ಹಾಕುವವರನ್ನು ಕೇಳಿ. ಯಾವ ನಾಯಿ ಸಾಧು, ಯಾವುದು ಮುಂಗೋಪಿ ಎಂದು ಅವರಿಗೆ ಗೊತ್ತಿರುತ್ತದೆ. ಇನ್ನೊಂದು ದಾರಿ ಎಲ್ಲಕ್ಕಿಂತ ಸುಲಭ. ಅಮ್ಮ ಆಗಲೇ ದಿನಾ ಒಂದು ನಾಯಿಗೆ ಗೇಟಿನ ಹತ್ತಿರ ಅನ್ನ ಹಾಕುತ್ತಿರಬಹುದು. ಅದು ಅವರ ಸ್ಕೂಟರಿನ ಸದ್ದಿಗೆ ಓಡಿ ಬರುತ್ತಿರಬಹುದು. ಹಾಗಿದ್ದರೆ ಅವರು ಒಬ್ಬರನ್ನೊಬ್ಬರು ಆಗಲೇ ಆರಿಸಿಕೊಂಡಿದ್ದಾರೆ. ನೀವು ಲಸಿಕೆ, ಸಂತಾನಹರಣ ಚಿಕಿತ್ಸೆ ಮಾಡಿಸಿ ಒಳಗೆ ಕರೆದುಕೊಂಡರೆ ಆಯಿತು.

ಆಶ್ರಯ ಕೇಂದ್ರಕ್ಕೆ ಹೋಗುವಾಗ ಅಪ್ಪ-ಅಮ್ಮನನ್ನು ಕರೆದುಕೊಂಡೇ ಹೋಗಿ. ಬೆಲ್ಟು ಅವರ ಕೈಗೇ ಕೊಟ್ಟು ಸ್ವಲ್ಪ ದೂರ ನಡೆಸಿ ನೋಡಿ. ಜಗ್ಗುತ್ತದಾ? ಮೈಮೇಲೆ ಹಾರುತ್ತದಾ? ಊರುಗೋಲು ಕಂಡರೆ ಬೆದರುತ್ತದಾ? ಏಟು ತಿಂದ ನಾಯಿಗಳಿಗೆ ಕೋಲು ಕಂಡರೆ ಪ್ರಾಣಭಯ, ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ತಟ್ಟೆಗೆ ಕೈ ಹಾಕಿದರೆ ಗುರ್ ಎನ್ನುತ್ತದಾ ಎಂದು ಅಲ್ಲಿಯವರನ್ನು ಕೇಳಿ. ಕೆಲವು ವಾರದ ಮಟ್ಟಿಗೆ ಮನೆಯಲ್ಲಿಟ್ಟುಕೊಂಡು ನೋಡಲು ಬಿಡುತ್ತಾರಾ ಎಂದೂ ಕೇಳಿ. ಎಷ್ಟೋ ಕಡೆ ಬಿಡುತ್ತಾರೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದವರು ತಕರಾರು ತೆಗೆಯಬಹುದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ನಾಯಿ ಸಾಕಬಾರದು ಎಂದು ಸಂಘ ನಿಷೇಧ ಹೇರುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತೆಯೂ ಇಲ್ಲ. ನಗರಪಾಲಿಕೆಯ ಲೈಸೆನ್ಸ್ ಬೇಕಾ ಎಂದು ವಿಚಾರಿಸಿ ಮಾಡಿಸಿಬಿಡಿ.

ಹೆಜ್ಜೆ 5: ಬೀಳದ ಹಾಗೆ ಮನೆ ಸಿದ್ಧ ಮಾಡಿ

ವಯಸ್ಸಾದವರಿಗೆ ನಾಯಿಯಿಂದ ಬರುವ ದೊಡ್ಡ ಅಪಾಯ ಕಚ್ಚುವುದಲ್ಲ, ಎಡವಿ ಬೀಳುವುದು. ಅಮೆರಿಕದಲ್ಲಿ ನಾಯಿ-ಬೆಕ್ಕಿನಿಂದ ಬಿದ್ದು ಪೆಟ್ಟಾಗುವವರು ವರ್ಷಕ್ಕೆ ಸುಮಾರು 86,000 ಎಂದು ಅಲ್ಲಿನ ಆರೋಗ್ಯ ಇಲಾಖೆ 2009ರಲ್ಲಿ ಲೆಕ್ಕ ಕೊಟ್ಟಿತ್ತು. ಅದರಲ್ಲಿ ಬಹುಪಾಲು ನಾಯಿಯಿಂದ. ಬೆಲ್ಟು ಹಿಡಿದು ನಾಯಿ ನಡೆಸುವಾಗ ಮೂಳೆ ಮುರಿದುಕೊಂಡ 65 ದಾಟಿದವರ ಸಂಖ್ಯೆ ಅಲ್ಲಿ 2004ರಲ್ಲಿ ಸುಮಾರು 1,670 ಇತ್ತು, 2017ಕ್ಕೆ ಸುಮಾರು 4,400 ಆಯಿತು. ಸೊಂಟದ ಮೂಳೆ ಮುರಿದರೆ ನಮ್ಮ ಹಿರಿಯರ ಕಥೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಆದ್ದರಿಂದ ಇದಕ್ಕೆ ಸಮಯ ಕೊಡಿ. ಅವರು ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ನಾಯಿಯ ಹಾಸಿಗೆ ಇರಬಾರದು. ಗೋಡೆ ಮೂಲೆಯಲ್ಲಿ, ಅವರಿಗೆ ಕಾಣುವಂತೆ ಇರಲಿ. ಆ ದಾರಿಯುದ್ದಕ್ಕೂ ರಾತ್ರಿ ಸಣ್ಣ ದೀಪ ಉರಿಯಲಿ. ಕತ್ತಿನ ಪಟ್ಟಿಗೆ ಒಂದು ಸಣ್ಣ ಗೆಜ್ಜೆ ಕಟ್ಟಿ, ಕಣ್ಣು ಮಂದವಾದವರಿಗೆ ನಾಯಿ ಎಲ್ಲಿದೆ ಎಂದು ಕಿವಿಗೆ ತಿಳಿಯುತ್ತದೆ. ನೀರಿನ ಬಟ್ಟಲು ಚೆಲ್ಲಿದರೆ ಟೈಲ್ಸ್ ಮೇಲೆ ಜಾರುತ್ತದೆ, ಆದ್ದರಿಂದ ಅದರ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಜಾರುವ ಕಾಲೊರೆಸುಗಳನ್ನು ತೆಗೆದುಬಿಡಿ. ಉಗುರು ಕತ್ತರಿಸಿರಲಿ.

ಮಾತ್ರೆಗಳ ಡಬ್ಬಿಯೂ ಅಷ್ಟೇ ಮುಖ್ಯ. ನಡುಗುವ ಕೈಯಿಂದ ಬಿಪಿ, ಶುಗರ್ ಮಾತ್ರೆ ನೆಲಕ್ಕೆ ಬಿದ್ದರೆ ನಾಯಿ ನುಂಗಿಬಿಡುತ್ತದೆ. ಮೇಜಿನ ಮೇಲೆ, ಅಂಚಿರುವ ತಟ್ಟೆಯೊಳಗೆ ಮಾತ್ರೆ ಬಿಡಿಸಿಕೊಳ್ಳುವ ಅಭ್ಯಾಸ ಮಾಡಿಸಿ.

ಹೆಜ್ಜೆ 6: ಮೊದಲ ದಿನಗಳು

ಆಶ್ರಯ ಕೇಂದ್ರದವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಹೇಳುತ್ತಾರೆ. ಮೂರು ದಿನ ನಾಯಿ ಗಾಬರಿಯಲ್ಲಿರುತ್ತದೆ, ತಿನ್ನದೆಯೂ ಇರಬಹುದು. ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ಅರ್ಥವಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಇದು ಅಂದಾಜು ಅಷ್ಟೇ, ಆದರೆ ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಎರಡನೇ ದಿನವೇ "ಇದು ನಮಗೆ ಒಗ್ಗಲ್ಲ ಕಣೋ" ಎಂದು ಫೋನ್ ಬರುತ್ತದೆ.

ಮೊದಲ ಒಂದು ವಾರ ನೀವು ಅಲ್ಲೇ ಇರಿ. ರಜೆ ಹಾಕಿ. ಮನೆಯಿಂದ ಕೆಲಸ ಮಾಡಿ. ಆದರೆ ಊಟ ಹಾಕುವುದು ಮಾತ್ರ ಅವರೇ. ನೀವು ಹಾಕಿದರೆ ನಾಯಿ ನಿಮ್ಮನ್ನು ಹಚ್ಚಿಕೊಳ್ಳುತ್ತದೆ, ನೀವು ಹೊರಟ ದಿನ ಬಾಗಿಲು ಕಾಯುತ್ತಾ ಕೂರುತ್ತದೆ.

ಅದೇ ವಾರ ಪಶುವೈದ್ಯರಿಗೆ ತೋರಿಸಿ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ. ಇಲಿ ಜ್ವರವೂ ಸೇರಿದಂತೆ ಬೇರೆ ಕಾಯಿಲೆಗಳ ಲಸಿಕೆ ಅವರು ಹೇಳಿದಂತೆ. ಇಲಿ ಜ್ವರ ನಾಯಿಯಿಂದ ಮನುಷ್ಯರಿಗೂ ಬರಬಲ್ಲದು, ಇದನ್ನು ತಪ್ಪಿಸಬೇಡಿ. ಜಂತುಹುಳದ ಔಷಧಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುವುದುಂಟು. ವಿಚಾರಿಸಿ.

ಉಣುಗಿನ ಬಗ್ಗೆ ವಿಶೇಷ ಎಚ್ಚರ ಬೇಕು. ಉಣುಗಿನಿಂದ ಬರುವ ಜ್ವರ ನಮ್ಮ ಕಡೆ ಬಹಳ ನಾಯಿಗಳನ್ನು ಕೊಲ್ಲುತ್ತದೆ. ಊಟ ಬಿಡುವುದು, ಮೂಲೆ ಹಿಡಿಯುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಬರುವುದು ಇದರ ಗುರುತು. ಬೇಗ ತೋರಿಸಿದರೆ ಔಷಧಿ ಇದೆ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ದಿನಾ ನೋಡುವುದು ಅಮ್ಮನಿಗೆ ಸಂಜೆಯ ಕೆಲಸವಾಗಲಿ. ಅವರ ಕಣ್ಣಿಗೆ ಕಾಣದಿದ್ದರೆ ಕೈಯಿಂದ ಸವರಿದರೂ ಗೊತ್ತಾಗುತ್ತದೆ.

ಹೆಜ್ಜೆ 7: ನಡಿಗೆ ಮತ್ತು ದಿನಚರಿ

ಬೆಲ್ಟನ್ನು ಕೈಗೆ ಸುತ್ತಿಕೊಳ್ಳಬಾರದು. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆ. ನಾಯಿ ಬೆಕ್ಕನ್ನು ಕಂಡು ಹಾರಿದರೆ ಬೆಲ್ಟು ಕೈಯಿಂದ ಜಾರಿ ಹೋಗಲಿ, ನಾಯಿ ತಿರುಗಿ ಬರುತ್ತದೆ. ಸುತ್ತಿಕೊಂಡಿದ್ದರೆ ಮಣಿಕಟ್ಟು ಮುರಿಯುತ್ತದೆ. ಕತ್ತಿನ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು, ಕೊಂಡಿ ಎದೆಯ ಮುಂಭಾಗದಲ್ಲಿದ್ದರೆ ಜಗ್ಗುವುದು ಕಡಿಮೆಯಾಗುತ್ತದೆ. ಉದ್ದಕ್ಕೆ ಬಿಚ್ಚಿಕೊಳ್ಳುವ ಬೆಲ್ಟು ಬೇಡ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಇರಲಿ. ಬಿಸಿಲೇರುವ ಮುಂಚೆ, ಮತ್ತೆ ಬಿಸಿಲು ಇಳಿದ ಮೇಲೆ. ಟಾರು ರಸ್ತೆಗೆ ನಿಮ್ಮ ಅಂಗೈ ಇಟ್ಟು ನೋಡಿ, ಸುಟ್ಟರೆ ನಾಯಿಯ ಪಾದವೂ ಸುಡುತ್ತದೆ.

ಬೇರೆ ಬೀದಿನಾಯಿಗಳ ಗುಂಪಿರುವ ದಾರಿ ಬಿಟ್ಟು ಇನ್ನೊಂದು ದಾರಿ ಗೊತ್ತು ಮಾಡಿಕೊಡಿ. ಮಂಡಿ ನೋವಿದ್ದರೆ ದೂರದ ನಡಿಗೆಗೆ ಅಕ್ಕಪಕ್ಕದ ಕಾಲೇಜು ಹುಡುಗನಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಒಪ್ಪಿಸಿ. ಅಪ್ಪನಿಗೆ ಗೇಟಿನಿಂದ ಮೂಲೆ ಅಂಗಡಿಯವರೆಗಿನ ನಡಿಗೆ ಸಾಕು. ನಡೆಯಲೇ ಆಗದವರಿಗೆ ಕುರ್ಚಿಯಲ್ಲಿ ಕೂತು ನಾಯಿಯ ಮೈ ಬಾಚುವುದೂ ಒಳ್ಳೆಯ ಕೆಲಸವೇ. ಬೆರಳುಗಳಿಗೂ ವ್ಯಾಯಾಮ, ಮನಸ್ಸಿಗೂ ನೆಮ್ಮದಿ.

ನಾಯಿಯ ಊಟದ ಹೊತ್ತಿಗೂ ಅವರ ಮಾತ್ರೆಯ ಹೊತ್ತಿಗೂ ಗಂಟು ಹಾಕಿ. ಅವರು ಮರೆತರೂ ನಾಯಿ ಮರೆಯುವುದಿಲ್ಲ. ಎಂಟು ಗಂಟೆಗೆ ತಟ್ಟೆಯ ಮುಂದೆ ಬಂದು ನಿಂತುಬಿಡುತ್ತದೆ. ಅದಕ್ಕೆ ಅನ್ನ ಹಾಕಿದ ಕೂಡಲೇ ಇವರದು ಮಾತ್ರೆ. ಇದು ಕೆಲಸ ಮಾಡುತ್ತದೆ, ಮಾಡಿ ನೋಡಿ.

ನಿಮ್ಮ ಫೋನ್ ಮಾತೂ ಇದರಿಂದ ಬದಲಾಗುತ್ತದೆ. "ರಾಜು ಏನ್ ಮಾಡ್ತಿದಾನೆ?" ಎಂದು ಕೇಳಿ ನೋಡಿ. ಹೂಂ, ಹಾಂ ಎನ್ನುತ್ತಿದ್ದ ಅಪ್ಪ ಹತ್ತು ನಿಮಿಷ ಮಾತಾಡುತ್ತಾರೆ. ಆ ಮಾತಿನೊಳಗೆ ಅವರ ಆರೋಗ್ಯದ ಸುದ್ದಿಯೂ ಇರುತ್ತದೆ. "ಎರಡು ದಿನದಿಂದ ಅವನನ್ನ ಹೊರಗೆ ಕರ್ಕೊಂಡು ಹೋಗಿಲ್ಲ" ಎಂದರೆ ಯಾಕೆ ಎಂದು ಕೇಳಿ. ಮಂಡಿಯೋ, ಉಸಿರೋ, ಮನಸ್ಸೋ, ಏನೋ ಒಂದು ಸರಿಯಿಲ್ಲ ಎಂದರ್ಥ.

ಹೆಜ್ಜೆ 8: ಊಟ

ಬರೀ ಹಾಲು-ಅನ್ನದಲ್ಲಿ ನಾಯಿ ಬದುಕುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಅನ್ನ ಅಥವಾ ರಾಗಿಯ ಜೊತೆ ಬೇಯಿಸಿದ ಮೊಟ್ಟೆಯೋ ಕೋಳಿಯೋ ಬೇಕು. ಮನೆಯಲ್ಲಿ ಮಾಂಸ ತರದವರು ಅಂಗಡಿಯ ನಾಯಿ ಆಹಾರಕ್ಕೆ ಸ್ವಲ್ಪ ಮೊಸರನ್ನ ಸೇರಿಸಿ ಹಾಕಬಹುದು. ಎಷ್ಟು ಎಂದು ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ. ಅಜ್ಜಿಯರ ಕೈಯಲ್ಲಿ ನಾಯಿ ದಪ್ಪವಾಗುವುದು ಬೇಗ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಉಳಿದ ಸಾರು, ಪಲ್ಯ, ಚಿತ್ರಾನ್ನ ಹಾಕುವ ಮುಂಚೆ ಇದು ನೆನಪಿರಲಿ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸಬಹುದು, ಪಾಯಸ-ಕೇಸರಿಬಾತು ಮಾಡಿದ ದಿನ ಎಚ್ಚರ. ಚಾಕೊಲೇಟ್ ಬೇಡವೇ ಬೇಡ. ನಾಯಿಯ ಸಹಜ ಶಾಖವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೈ ಮುಟ್ಟಿ ಬಿಸಿಯಿದೆ ಎಂದುಕೊಂಡು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎಂದೂ ಕೊಡಬಾರದು. ಮನುಷ್ಯರ ಮಾತ್ರೆ ನಾಯಿಯ ಜೀವ ತೆಗೆಯಬಲ್ಲದು.

ಹೆಜ್ಜೆ 9: ಕಚ್ಚಿದರೆ, ಗೀರಿದರೆ

ಆಟದಲ್ಲಿ ಹಲ್ಲು ತಾಗಿದರೂ ಇದೇ ಕ್ರಮ. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆಯಾಗಿದೆ ಎಂದು ಮನೆಯಲ್ಲೇ ತೀರ್ಮಾನ ಮಾಡಿ ಸುಮ್ಮನಾಗಬೇಡಿ, ವೈದ್ಯರು ನಿರ್ಧರಿಸಲಿ. ಚುಚ್ಚುಮದ್ದು ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೊಬ್ಯುಲಿನ್ ಎಂಬ ಇನ್ನೊಂದು ಮದ್ದನ್ನು ಗಾಯದ ಸುತ್ತಲೇ ಕೊಡಬೇಕಾಗುತ್ತದೆ, ಅದನ್ನು ಬಾಯಿಬಿಟ್ಟು ಕೇಳಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವ ಮದ್ದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹತ್ತಿರದ ಸರ್ಕಾರಿ ಆಸ್ಪತ್ರೆ, ಪಶುವೈದ್ಯರು, ನೆರೆಮನೆಯವರು, ರಾಜ್ಯದ ಆರೋಗ್ಯ ಸಹಾಯವಾಣಿ 104, ಪಶು ಚಿಕಿತ್ಸೆಯ ಸಹಾಯವಾಣಿ 1962. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ದೀಪಾವಳಿ ಬಂದಾಗ ನಾಯಿಯನ್ನು ಒಳಗಿನ ಕೋಣೆಯಲ್ಲಿಟ್ಟು, ಟಿವಿ ಸದ್ದು ಮಾಡಿ, ಗೇಟು ಭದ್ರ ಮಾಡಿ. ಪಟಾಕಿಗೆ ಬೆದರಿ ಓಡಿ ಕಳೆದುಹೋಗುವ ನಾಯಿಗಳು ಬಹಳ. ಕತ್ತಿನ ಪಟ್ಟಿಯಲ್ಲಿ ಅಪ್ಪನದ್ದೂ ನಿಮ್ಮದೂ ಫೋನ್ ನಂಬರು ಇರಲಿ.

ಹೆಜ್ಜೆ 10: ಒಗ್ಗದಿದ್ದರೆ, ಅಗಲಿದರೆ

ಮೂರು ತಿಂಗಳಾದರೂ ಅಮ್ಮನಿಗೆ ನಿದ್ದೆ ಸರಿಯಿಲ್ಲ, ಅಪ್ಪ ಸಿಡುಕುತ್ತಾರೆ, ನಾಯಿ ಬೊಗಳುತ್ತಲೇ ಇರುತ್ತದೆ ಎಂದರೆ ಹಟ ಮಾಡಬೇಡಿ. ತಂದ ಕೇಂದ್ರಕ್ಕೆ ತಿಳಿಸಿ, ಅವರ ಮೂಲಕ ಬೇರೆ ಮನೆ ಹುಡುಕಿ. ಇಲ್ಲವೇ ನಿಮ್ಮ ಹತ್ತಿರ ಕರೆದುಕೊಂಡು ಹೋಗಿ. ರಸ್ತೆಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಅದು ಕಾನೂನಿನ ಪ್ರಕಾರವೂ ಅಪರಾಧ.

ಚೆನ್ನಾಗಿ ಒಗ್ಗಿದ ನಾಯಿ ಒಂದು ದಿನ ಸಾಯುತ್ತದೆ. ಆಗ "ನಾಯಿ ತಾನೇ ಬಿಡಮ್ಮ" ಎನ್ನಬೇಡಿ. ಒಂಟಿಯಾಗಿರುವ ಹಿರಿಯರಿಗೆ ಅದು ಮನೆಯ ಸಾವೇ. ಸಾಧ್ಯವಾದರೆ ಊರಿಗೆ ಹೋಗಿ. ಮಣ್ಣು ಮಾಡಲು, ತಟ್ಟೆ-ಬೆಲ್ಟು ಎತ್ತಿಡಲು ಜೊತೆಗಿರಿ. ನಡಿಗೆಯ ಹೊತ್ತಿಗೆ ಆ ಕೆಲವು ವಾರ ತಪ್ಪದೆ ಫೋನ್ ಮಾಡಿ, ಕಾಲು ಹೊರಗೆ ಹೋಗುವುದು ನಿಂತುಬಿಡುವ ಅಪಾಯ ಆಗಲೇ ಜಾಸ್ತಿ. ತಕ್ಷಣ ಇನ್ನೊಂದು ನಾಯಿ ತರಬೇಡಿ. ಮಾತು ಅವರಿಂದಲೇ ಬರಲಿ.

ನಾಯಿ ಬೇಡ ಎಂದರೆ

ನಡೆಯಲು ಆಗದವರಿಗೆ ಬೆಕ್ಕು ಒಳ್ಳೆಯದು. ಹೊರಗೆ ಕರೆದುಕೊಂಡು ಹೋಗುವ ಕೆಲಸವಿಲ್ಲ, ಮಡಿಲಲ್ಲಿ ಮಲಗುತ್ತದೆ. ಆದರೆ ಅದಕ್ಕೂ ರೇಬೀಸ್ ಲಸಿಕೆ, ಸಂತಾನಹರಣ ಚಿಕಿತ್ಸೆ ಬೇಕು. ಅದೂ ಕಾಲಿಗೆ ಅಡ್ಡ ಬರುತ್ತದೆ, ಆದ್ದರಿಂದ ಹೆಜ್ಜೆ 5 ಅಲ್ಲಿಯೂ ಅನ್ವಯ. ಹಳ್ಳಿಮನೆಯಲ್ಲಿ ಹಸು ಸಾಕಿ ಬೆಳೆದವರಿಗೆ ಪಕ್ಕದ ಮನೆಯ ಕೊಟ್ಟಿಗೆಗೆ ದಿನಾ ಹೋಗಿ ಕರುವಿಗೆ ಹುಲ್ಲು ಕೊಟ್ಟು ಬರುವುದೇ ಸಾಕಾಗಬಹುದು. ಪರಿಚಯದವರ ಸಾಧು ನಾಯಿ ವಾರಕ್ಕೆರಡು ಸಂಜೆ ಮನೆಗೆ ಬಂದು ಹೋಗಲಿ ಎಂದು ಕೇಳಿನೋಡಿ, ಬಹಳ ಜನ ಸಂತೋಷದಿಂದ ಒಪ್ಪುತ್ತಾರೆ. ಅದೂ ಆಗದಿದ್ದರೆ ಗೇಟಿನ ಹೊರಗಿನ ನಾಯಿಗೆ ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗದಲ್ಲಿ ಅನ್ನ ಹಾಕಲಿ. ಆ ನಾಯಿಗೆ ಲಸಿಕೆ ಹಾಕಿಸುವುದು, ಸಂತಾನಹರಣ ಚಿಕಿತ್ಸೆಗೆ ನಗರಪಾಲಿಕೆಗೆ ಫೋನ್ ಮಾಡಿ ಹೇಳುವುದು ನಿಮ್ಮ ಪಾಲಿನ ಕೆಲಸ.